ಸಂಯೋಜಕ ದಂಡದ ಚರಿತ್ರೆಯೂ ಅವಿಚ್ಛಿನ್ನತೆಯ ನಿಯಮವೂ

೧

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಶಕ್ತಿಯು ಹುಟ್ಟುವ ಸ್ಥಾನವನ್ನು ವರ್ಣಿಸುವರು. ಇಲ್ಲವೆ ಆ ಶಕ್ತಿಯಿಂದ ತಿರುಗುವ ಚಕ್ರವನ್ನು ವರ್ಣಿಸುವರು. ಇವೆರಡರ ನಡುವೆ ನಿಂತು ಒಂದರ ಚಲನೆಯನ್ನು ಇನ್ನೊಂದಕ್ಕೆ ಒಪ್ಪಿಸುವ ಅಂಗದ ವಿಷಯದಲ್ಲಿ ಅಷ್ಟು ಆದರವು ಕಂಡುಬರುವುದಿಲ್ಲ. ಮೋಟಾರು ಕಾರಿನ ಎಂಜಿನಿನಲ್ಲಿ ಅಂತಹ ಅಂಗವು ಕಾರ್ಖಾನೆಯವರು ಕನೆಕ್ಟಿಂಗ್ ರಾಡ್ ಎಂದು ಕರೆಯುವ ಉಕ್ಕಿನ ದಂಡ. ಪ್ರಕೃತ ಲೇಖನದಲ್ಲಿ ಇದನ್ನು ಸಂಯೋಜಕ ದಂಡವೆಂದು ವ್ಯವಹರಿಸಲಾಗಿದೆ. ಸಿಲಿಂಡರಿನಲ್ಲಿ ಉರಿದ ಅನಿಲವು ಪಿಸ್ಟನ್ನನ್ನು ಕೆಳಕ್ಕೆ ನೂಕುವುದು. ಪಿಸ್ಟನ್ ನೇರವಾಗಿ ಏರಿಳಿಯಬಲ್ಲುದೇ ಹೊರತು ಸುತ್ತಲಾರದು. ಕ್ರ್ಯಾಂಕ್ ಶಾಫ್ಟ್ ಎಂಬ ಡೊಂಕು ಮೈಯ ದಂಡವು ಸುತ್ತಬಲ್ಲುದೇ ಹೊರತು ಏರಿಳಿಯಲಾರದು. ಸಂಯೋಜಕ ದಂಡದ ಸಣ್ಣ ತುದಿಯು ಪಿಸ್ಟನ್ನನ್ನೂ ದೊಡ್ಡ ತುದಿಯು ಕ್ರ್ಯಾಂಕನ್ನೂ ಹಿಡಿದುಕೊಂಡು ಈ ಎರಡು ಸ್ವಭಾವಗಳನ್ನು ಹೊಂದಿಸುವುದು. ವ್ಯಾಕರಣದಲ್ಲಿ ಎರಡು ಪದಗಳು ಕೂಡುವೆಡೆಯಲ್ಲಿಯೇ ವಿಕಾರಗಳೆಲ್ಲವೂ ಸಂಭವಿಸುವಂತೆ, ಯಂತ್ರದಲ್ಲಿಯೂ ಕೂಡಿಸುವ ಅಂಗವೇ ಹೆಚ್ಚಿನ ಕ್ಲೇಶವನ್ನು ಅನುಭವಿಸುತ್ತದೆ.

ಅತ್ಯಂತ ವೇಗದ ಕಾರುಗಳ ಎಂಜಿನುಗಳಲ್ಲಿ ಈ ದಂಡವನ್ನು ಎರಕ ಹೊಯ್ಯದೆ, ಕಾಯಿಸಿ ಬಡಿದು ರೂಪಿಸುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿದೆ. ಆ ದಂಡಕ್ಕೆ ಬಲವು ಎಲ್ಲಿಂದ ಬಂದಿತು ಎಂಬುದು ಇಲ್ಲಿಯ ಪ್ರಶ್ನೆ. ಉತ್ತಮವಾದ ಲೋಹವು ದೊರೆತುದರಿಂದ ಬಂದಿತೆಂದು ಹಲವರು ಉತ್ತರ ಕೊಡುವರು. ನಮ್ಮ ದೇಶದ ಅಭಿಮಾನಿಗಳಲ್ಲಿ ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಲೋಕದ ಒಳ್ಳೆಯ ಉಕ್ಕಿಗೆಲ್ಲ ದಕ್ಷಿಣ ಭಾರತದ ಉಕ್ಕೇ ಮಾತೃಕೆಯಾದುದರಿಂದ ಈ ದಂಡದ ಬಲಕ್ಕೂ ನಮ್ಮ ಕಮ್ಮಾರನೇ ಮೂಲಪುರುಷನೆಂದು ಹೇಳುವರು. ಎರಡು ಉತ್ತರಗಳಲ್ಲಿಯೂ ಸತ್ಯಾಂಶವುಂಟು, ಎರಡೂ ಪೂರ್ಣವಾದುವಲ್ಲ. ಚರಿತ್ರೆಯನ್ನು ಕ್ರಮವಾಗಿ ಪರಿಶೀಲಿಸಿದರೆ, ಬಲದ ನಿಜವಾದ ಕಾರಣವು ಲೋಹದ ಹೆಸರಿಗಿಂತ ಹೆಚ್ಚಾಗಿ ಅದರ ಅವಿಚ್ಛಿನ್ನತೆಯಲ್ಲಿ, ಎಂದರೆ ಒಳಗೂ ಹೊರಗೂ ಕಡಿವಡೆಯದ ಮೈಯಲ್ಲಿ ಇರುವುದೆಂದು ತಿಳಿದುಬರುತ್ತದೆ. ಇದನ್ನು ಸಾಧಿಸುವುದೇ ಈ ಲೇಖನದ ಉದ್ದೇಶ.

೨

ಮೊದಲು ಈ ದಂಡವು ಏನನ್ನು ಸಹಿಸಬೇಕಾಗಿದೆ ಎಂಬುದನ್ನು ಅರಿಯಬೇಕು. ಉರಿಯುವ ಅನಿಲದ ನೂಕೇ ಅದಕ್ಕೆ ಮುಖ್ಯ ಶತ್ರುವೆಂದು ಮೇಲುನೋಟಕ್ಕೆ ತೋರುವುದು. ಆ ನೂಕು ದಂಡವನ್ನು ಅದುಮುವುದು ನಿಜ. ಅದುಮಿದಾಗ ಸಪೂರವಾದ ಕಂಬವು ಬಾಗುವುದೂ ನಿಜ. ಕಂಬವು ಎಷ್ಟು ಭಾರಕ್ಕೆ ಬಾಗುವುದೆಂಬ ಗಣಿತವನ್ನು ಆಯ್ಲರ್ ಎಂಬ ಗಣಿತಜ್ಞನು ೧೭೪೪ರಲ್ಲಿಯೇ ಪ್ರಕಟಿಸಿದ್ದನು. ನಡುವೆ ತೆಳುವಾಗಿಯೂ ಎರಡು ಅಂಚುಗಳಲ್ಲಿ ದಪ್ಪವಾಗಿಯೂ, ಇಂಗ್ಲಿಷಿನ ಐ ಅಕ್ಷರದ ಆಕಾರದಲ್ಲಿ ದಂಡದ ಮೈಯನ್ನು ಮಾಡುವುದು ಕಡಮೆ ತೂಕದಲ್ಲಿ ಈ ಬಾಗುವಿಕೆಯನ್ನು ತಡೆಯುವುದಕ್ಕಾಗಿಯೇ.

ಆದರೆ ವೇಗವು ಹೆಚ್ಚಿದಂತೆಲ್ಲ ಅದುಮುವಿಕೆಗಿಂತ ಎಳೆತವೇ ಭಯಂಕರವಾಗುವುದು. ಉರಿದ ಹೊಗೆಯನ್ನು ಹೊರಕ್ಕೆ ತಳ್ಳುತ್ತ ಮೇಲಕ್ಕೇರಿದ ಪಿಸ್ಟನ್, ಕೊನೆಯನ್ನು ಮುಟ್ಟಿದೊಡನೆ ನಿಂತು ಹಿಂದಿರುಗಬೇಕು. ಆ ಕ್ಷಣದಲ್ಲಿ ಅದನ್ನು ಮೇಲಿನಿಂದ ಒತ್ತುವ ಅನಿಲವಿರುವುದಿಲ್ಲ. ದಂಡವೊಂದೇ ಅದನ್ನು ಹಿಡಿದು ಕೆಳಕ್ಕೆ ಎಳೆಯಬೇಕು. ಒಂದು ಉದಾಹರಣೆಯನ್ನು ಗಣಿಸಿ ನೋಡಬಹುದು. ಪಿಸ್ಟನ್ನಿನ ಓಟವು ೮೬ ಮಿಲಿಮೀಟರು, ದಂಡದ ಉದ್ದವು ೧೪೩ ಮಿಲಿಮೀಟರು, ಪಿಸ್ಟನ್ ಮತ್ತು ಅದರ ಪರಿಕರಗಳ ತೂಕವು ೪೦೦ ಗ್ರಾಂ ಎಂದಿಟ್ಟುಕೊಳ್ಳೋಣ. ಕ್ರ್ಯಾಂಕು ನಿಮಿಷಕ್ಕೆ ೮,೦೦೦ ಸುತ್ತು ತಿರುಗುವಾಗ ದಂಡದ ಸಣ್ಣ ತುದಿಯ ಮೇಲೆ ಬೀಳುವ ಎಳೆತವು ಸುಮಾರು ೧,೬೦೦ ಕಿಲೋಗ್ರಾಂ ಭಾರವನ್ನು ನೇತುಹಾಕಿದಷ್ಟಾಗುವುದು. ಅರ್ಧ ಕಿಲೋಗ್ರಾಮಿಗೂ ಕಡಮೆಯಾದ ವಸ್ತುವು ವೇಗದ ದೆಸೆಯಿಂದ ಆನೆಮರಿಗಿಂತ ಭಾರವಾಗುವುದು! ಸುತ್ತುಗಳನ್ನು ಅರ್ಧಮಾಡಿದರೆ ಎಳೆತವು ಅರ್ಧವಾಗದೆ ಕಾಲುಭಾಗಕ್ಕೆ, ಎಂದರೆ ೪೦೦ ಕಿಲೋಗ್ರಾಮಿಗೆ, ಇಳಿಯುವುದು. ಎಳೆತವು ವೇಗದ ವರ್ಗವನ್ನು ಅನುಸರಿಸುವುದೇ ಇದಕ್ಕೆ ಕಾರಣ.

ಇಷ್ಟು ಭಾರವನ್ನು ಒಂದು ಸಲ ಹೊರುವುದು ಒಳ್ಳೆಯ ಉಕ್ಕಿಗೆ ಕಷ್ಟವಲ್ಲ. ನಿಮಿಷಕ್ಕೆ ೬,೦೦೦ ಸುತ್ತಿನಂತೆ ಒಂದು ಗಂಟೆ ನಡೆದ ಎಂಜಿನು ೩,೬೦,೦೦೦ ಸುತ್ತುಗಳನ್ನು ತಿರುಗಿರುತ್ತದೆ; ಪ್ರತಿ ಸುತ್ತಿನಲ್ಲಿಯೂ ದಂಡದ ಸ್ಥಿತಿಯು ಬದಲಾಗುತ್ತಿರುತ್ತದೆ. ಪಾಠಶಾಲೆಯಲ್ಲಿ ಆವೃತ್ತಿಯಿಂದ ವಿದ್ಯೆಯು ದೃಢವಾಗುವುದು. ಲೋಹಕ್ಕಾದರೋ ಆವೃತ್ತಿಯೇ ಕ್ಷಯಹೇತು. ಈ ಸಂಗತಿಯನ್ನು ಲೋಕವು ತಿಳಿದುಕೊಂಡುದು ಬಹಳ ತಡವಾಗಿ, ಬಹಳ ಜನರ ಪ್ರಾಣಹಾನಿಯಾದ ಮೇಲೆ.

೩

ಸಂಯೋಜಕ ದಂಡದ ಕಲ್ಪನೆಯಾದರೋ ಅತಿ ಪ್ರಾಚೀನವಾದುದು. ಇಂದಿನ ತುರ್ಕಿ ದೇಶದಲ್ಲಿರುವ ಹಿಯೆರಾಪೊಲಿಸ್ ಎಂಬ ರೋಮನ್ ಕಾಲದ ಪಟ್ಟಣದಲ್ಲಿ ಮಾರ್ಕಸ್ ಅವ್ರೇಲಿಯಸ್ ಅಮ್ಮಿಯಾನೊಸ್ ಎಂಬವನ ಕಲ್ಲಿನ ಶವಪೆಟ್ಟಿಗೆಯೊಂದುಂಟು. ಅದರ ಮೇಲೆ ನೀರಿನ ಚಕ್ರದಿಂದ ನಡೆಯುವ ಕಲ್ಲು ಕೊಯ್ಯುವ ಗರಗಸದ ಯಂತ್ರವನ್ನು ಕೆತ್ತಿರುವರು. ಚಕ್ರದ ಸುತ್ತುವಿಕೆಯು ಕ್ರ್ಯಾಂಕು ಮತ್ತು ಸಂಯೋಜಕ ದಂಡಗಳ ಮೂಲಕ ಗರಗಸದ ಹಿಂದುಮುಂದಾದ ಓಟವಾಗಿ ಪರಿಣಮಿಸುವುದನ್ನು ಆ ಶಿಲ್ಪದಲ್ಲಿ ಕಾಣಬಹುದು. ಕ್ರಿ. ಶ. ೩ನೆಯ ಶತಮಾನದ ಉತ್ತರಾರ್ಧದ ಈ ಶಿಲ್ಪದ ವಿವರವಾದ ವ್ಯಾಖ್ಯಾನವು ೨೦೦೭ರಲ್ಲಿ ಪ್ರಕಟವಾಯಿತು. ಅಲ್ಲಿಯವರೆಗೆ ಕ್ರ್ಯಾಂಕು ಮತ್ತು ದಂಡಗಳ ಸಂಯೋಗವು ಮಧ್ಯಯುಗದ ಸೃಷ್ಟಿಯೆಂಬ ಅಭಿಪ್ರಾಯವೇ ಪ್ರಬಲವಾಗಿತ್ತು. ಚೀನದಲ್ಲಿ ವಾಂಗ್ ಝೆನ್ ಎಂಬವನು ೧೩೧೩ರಲ್ಲಿ ರಚಿಸಿದ ಕೃಷಿಗ್ರಂಥದಲ್ಲಿ, ಕುಲುಮೆಗೆ ಗಾಳಿಯೂಡುವ ಜಲಯಂತ್ರದ ವರ್ಣನೆಯು ಚಿತ್ರಸಹಿತವಾಗಿದೆ. ಅಲ್ಲಿಯೂ ಸುತ್ತುವಿಕೆಯನ್ನು ನೂಕುವಿಕೆಯಾಗಿ ಮಾರ್ಪಡಿಸುವ ದಂಡವುಂಟು. ಈ ಎಲ್ಲ ಯಂತ್ರಗಳಲ್ಲಿಯೂ ಚಲನೆಯು ಚಕ್ರದಿಂದ ದಂಡಕ್ಕೆ ಹೋಗುವುದು ಗಮನಾರ್ಹ. ಕಾರಿನಲ್ಲಿ ಕ್ರಮವು ಇದಕ್ಕೆ ವಿಪರೀತವಾದುದು.

ಆ ವಿಪರೀತ ಕ್ರಮವು ರೂಢಿಗೆ ಬಂದುದು ಇಂಗ್ಲೆಂಡಿನ ಉಗಿಯಂತ್ರಗಳಲ್ಲಿ. ೧೭೧೨ರ ನ್ಯೂಕಾಮೆನ್ನನ ಯಂತ್ರದಲ್ಲಿ ಪಿಸ್ಟನ್ ಸರಪಣಿಯಿಂದ ತೊಲೆಗೆ ಕಟ್ಟಲ್ಪಟ್ಟಿತ್ತು. ಸರಪಣಿಯು ಎಳೆಯಬಲ್ಲುದು, ನೂಕಲಾರದು. ಗಣಿಯ ನೀರನ್ನೆತ್ತಲು ಅಷ್ಟೇ ಸಾಕಾಗಿತ್ತು. ಕಾರ್ಖಾನೆಗಳ ಚಕ್ರವನ್ನು ತಿರುಗಿಸಬೇಕೆಂಬ ಆಸೆ ಹುಟ್ಟಿದಾಗ ಕ್ರ್ಯಾಂಕು ಬೇಕಾಯಿತು. ೧೭೮೦ರಲ್ಲಿ ಜೇಮ್ಸ್ ಪಿಕಾರ್ಡ್ ಎಂಬವನು ಉಗಿಯಂತ್ರಕ್ಕೆ ಕ್ರ್ಯಾಂಕನ್ನು ಜೋಡಿಸುವುದಕ್ಕೆ ಪೇಟೆಂಟ್ ಪಡೆದನು. ಜೇಮ್ಸ್ ವಾಟ್‌ನು ಆ ಪೇಟೆಂಟಿಗೆ ಮಣಿಯಲು ಮನಸ್ಸಿಲ್ಲದೆ, ೧೭೮೧ರಲ್ಲಿ ಸೂರ್ಯನ ಸುತ್ತ ಗ್ರಹವು ತಿರುಗುವಂತೆ ಒಂದು ಹಲ್ಲುಚಕ್ರದ ಸುತ್ತ ಇನ್ನೊಂದು ತಿರುಗುವ ಉಪಾಯವನ್ನು ರಚಿಸಿದನು. ೧೭೯೪ರಲ್ಲಿ ಪಿಕಾರ್ಡನ ಹಕ್ಕು ಮುಗಿದ ತರುವಾಯ ಕ್ರ್ಯಾಂಕು ಎಲ್ಲರ ಸ್ವತ್ತಾಯಿತು. ಆ ಕಾಲದ ಎಂಜಿನುಗಳು ಮಂದಗತಿಯವು. ಆದುದರಿಂದ ದಂಡವನ್ನು ಬೀಡು ಕಬ್ಬಿಣದಲ್ಲಿ ಎರಕ ಹೊಯ್ದರೂ ಕೆಲಸವು ನಡೆಯುತ್ತಿತ್ತು. ದಪ್ಪವೇ ಬಲವೆಂಬ ನಂಬಿಕೆಗೆ ಆಗ ಬಾಧಕವಿರಲಿಲ್ಲ.

೪

ಆ ನಂಬಿಕೆಯು ಮುರಿದುದು ಸಂಯೋಜಕ ದಂಡದಲ್ಲಿ ಅಲ್ಲ. ಅದರ ದಾಯಾದಿಯಾದ ರೈಲುಗಾಡಿಯ ಇರಸಿನಲ್ಲಿ. ೧೮೪೨ರ ಮೇ ೮ರಂದು ಫ್ರಾನ್ಸಿನ ವೆರ್ಸಾಯಿ ಪಟ್ಟಣದ ಉತ್ಸವವನ್ನು ನೋಡಿ ಪ್ಯಾರಿಸ್ಸಿಗೆ ಹಿಂದಿರುಗುತ್ತಿದ್ದ ರೈಲಿನ ಮುಂದಿನ ಎಂಜಿನಿನ ಇರಸು ಓಡುತ್ತಿದ್ದಾಗಲೇ ತುಂಡಾಯಿತು. ಹಿಂದಿನ ಗಾಡಿಗಳು ಒಂದರ ಮೇಲೊಂದು ಬಿದ್ದು ಬೆಂಕಿ ಹತ್ತಿತು. ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ದಕ್ಷಿಣ ಸಮುದ್ರಗಳನ್ನು ಸಂಚರಿಸಿ ಬಂದಿದ್ದ ದ್ಯುಮೊಂ ದ್ಯುರ್ವಿಲ್ ಎಂಬ ಪ್ರಸಿದ್ಧ ನಾವಿಕನೂ ಅವನ ಕುಟುಂಬವೂ ಮೃತರಲ್ಲಿ ಸೇರಿದ್ದರು. ಒಳ್ಳೆಯ ಕಬ್ಬಿಣದಿಂದ ಮಾಡಿದ, ಬಹುದಿನ ಚೆನ್ನಾಗಿ ಕೆಲಸಮಾಡಿದ ಇರಸುಗಳು ಯಾವ ಮುನ್ಸೂಚನೆಯೂ ಇಲ್ಲದೆ ಏಕೆ ಮುರಿಯುವುವು? ಅಲುಗಾಟದಿಂದ ಕಬ್ಬಿಣದ ನಾರಿನಂತಹ ಒಳರಚನೆಯು ಕ್ರಮೇಣ ಹರಳಾಗಿ ಮಾರ್ಪಡುವುದೆಂದು ಆ ಕಾಲದ ಬಹುಮಂದಿ ಎಂಜಿನಿಯರುಗಳು ನಂಬಿದ್ದರು.

ಮರುವರ್ಷ, ೧೮೪೩ರಲ್ಲಿ, ಸ್ಕಾಟ್ಲೆಂಡಿನ ವಿಲಿಯಂ ರಾಂಕಿನ್ ಎಂಬ ತರುಣನು ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಗೆ ಒಂದು ಪ್ರಬಂಧವನ್ನು ಒಪ್ಪಿಸಿದನು. ಅವನಿಗೆ ಆಗ ಇನ್ನೂ ಇಪ್ಪತ್ತಮೂರು ವರ್ಷ ತುಂಬಿರಲಿಲ್ಲ. ಮುರಿದ ಇರಸುಗಳನ್ನು ಪರೀಕ್ಷಿಸಿ ಅವನು ಕಂಡುದೇನೆಂದರೆ, ಇರಸು ಒಮ್ಮೆಲೇ ಮುರಿಯುವುದಿಲ್ಲ. ದಪ್ಪವಾದ ಭಾಗವು ಸಪೂರವಾದ ಭಾಗವನ್ನು ಕೂಡುವ ಹೆಗಲಿನಲ್ಲಿ ಮೊದಲು ಕೂದಲೆಳೆಯಂತಹ ನಯವಾದ ಬಿರುಕು ಸುತ್ತಲೂ ಹುಟ್ಟುವುದು. ಅದು ಮೆಲ್ಲಮೆಲ್ಲನೆ ಒಳಕ್ಕೆ ಸರಿಯುತ್ತ ಸರಾಸರಿ ಅರ್ಧ ಅಂಗುಲದ ಆಳವನ್ನು ಮುಟ್ಟುವುದು. ಉಳಿದ ತಿರುಳು ಭಾರವನ್ನು ತಾಳಲಾರದೆ ಕೊನೆಗೊಮ್ಮೆ ತುಂಡಾಗುವುದು. ಆ ಹೆಗಲನ್ನು ಲೇತ್ ಯಂತ್ರದಲ್ಲಿ ಚೂಪಾದ ಮೂಲೆಯಾಗಿ ಕೊರೆಯುವಾಗ ಕಬ್ಬಿಣದ ನಾರುಗಳು ಅಲ್ಲಿ ಕಡಿದುಹೋಗುತ್ತವೆ. ಅದಕ್ಕೆ ಪ್ರತಿಯಾಗಿ ಮೊದಲು ಸುತ್ತಿಗೆಯಿಂದಲೇ ಹೆಗಲನ್ನು ದೊಡ್ಡ ಬಾಗಿನಲ್ಲಿ ರೂಪಿಸಿ, ನಾರುಗಳು ಕಡಿಯದೆ ಬಾಗಿ ಮುಂದೆ ಹರಿಯುವಂತೆ ಮಾಡಬೇಕೆಂದು ಅವನು ಸೂಚಿಸಿದನು. ಪ್ರಬಂಧದ ಶೀರ್ಷಿಕೆಯಲ್ಲಿಯೇ ಅವನು ಇದನ್ನು ಅವಿಚ್ಛಿನ್ನತೆಯ ನಿಯಮವೆಂದು ಕರೆದಿರುವನು.

ಈ ತತ್ತ್ವವು ನಮ್ಮ ಬಡಗಿಗೆ ಅಪರಿಚಿತವಲ್ಲ. ನೇಗಿಲಿಗೆ ಅವನು ಸ್ವಭಾವತಃ ಬಾಗಿ ಬೆಳೆದ ಕೊಂಬನ್ನು ಹುಡುಕಿ ತರುವನು. ದೊಡ್ಡ ಹಲಗೆಯಿಂದ ಅದೇ ಡೊಂಕನ್ನು ಕೊಯ್ದು ತೆಗೆಯುವುದು ಸುಲಭವಾದರೂ ಹಾಗೆ ಮಾಡನು. ಕೊಯ್ದು ತೆಗೆದ ಡೊಂಕಿನಲ್ಲಿ ಮರದ ಎಳೆಗಳು ಅಡ್ಡಲಾಗಿ ಕಡಿದಿರುವುದರಿಂದ ಅದು ಮೊದಲ ಉಳುಮೆಯಲ್ಲಿಯೇ ಸೀಳಬಹುದು. ಬಾಗಿ ಬೆಳೆದ ಕೊಂಬಿನಲ್ಲಿ ಎಳೆಯು ಡೊಂಕನ್ನು ಅನುಸರಿಸಿಯೇ ಇರುತ್ತದೆ. ರಾಂಕಿನ್ನನ ಹಿರಿಮೆಯು ಇಂತಹ ಅನುಭವವನ್ನು ಲೋಹಕ್ಕೆ ಅನ್ವಯಿಸಿ, ಮುರಿವಿನ ಪರೀಕ್ಷೆಯಿಂದ ಸಮರ್ಥಿಸಿದುದರಲ್ಲಿದೆ.

ಇದಕ್ಕೆ ಅಳತೆಯ ಆಧಾರವನ್ನು ಒದಗಿಸಿದವನು ಪ್ರಷ್ಯದ ರೈಲ್ವೆಯ ಅಧಿಕಾರಿಯಾದ ಆಗುಸ್ಟ್ ವ್ಯೋಲರ್. ಅವನು ೧೮೫೦ರ ದಶಕದ ಕೊನೆಯಿಂದ ಆರಂಭಿಸಿ ೧೮೭೦ರವರೆಗೆ ಪ್ರಯೋಗಗಳನ್ನು ನಡೆಸಿದನು. ಕಬ್ಬಿಣದ ಮತ್ತು ಉಕ್ಕಿನ ತುಂಡುಗಳನ್ನು ಯಂತ್ರಗಳಲ್ಲಿ ಸಿಕ್ಕಿಸಿ ಲಕ್ಷಾಂತರ ಸಲ ಬಾಗಿಸಿ ಬಿಟ್ಟು ನೋಡಿದನು. ಒಂದೇ ಸಲಕ್ಕೆ ಲೋಹವನ್ನು ಮುರಿಯಲಾರದ ಭಾರವು ಅನೇಕ ಆವೃತ್ತಿಗಳಲ್ಲಿ ಮುರಿಯುವುದು. ಆದರೆ ಕಬ್ಬಿಣ ಮತ್ತು ಉಕ್ಕುಗಳಿಗೆ ಒಂದು ಮಿತಿಯುಂಟು, ಅದಕ್ಕಿಂತ ಕಡಮೆಯಾದ ಭಾರವನ್ನು ಎಷ್ಟು ಸಲ ಹೊರಿಸಿದರೂ ಅವು ಮುರಿಯುವುದಿಲ್ಲ. ಇದು ಅವನ ಸಿದ್ಧಾಂತ. ೧೯೦೩ರಲ್ಲಿ ಯೂಯಿಂಗ್ ಮತ್ತು ಹಂಫ್ರಿ ಎಂಬ ವಿದ್ವಾಂಸರು ಸೂಕ್ಷ್ಮದರ್ಶಕದ ಕೆಳಗೆ ಕಬ್ಬಿಣವನ್ನಿಟ್ಟು, ಆವೃತ್ತಿಯಿಂದ ಅದರ ಕಣಗಳೊಳಗೆ ಜಾರುಗೆರೆಗಳು ಹುಟ್ಟಿ, ಅವು ಅಗಲವಾಗಿ ಬಿರುಕಾಗುವುದನ್ನು ಕಂಡರು. ಅಲುಗಾಟದಿಂದ ಕಬ್ಬಿಣವು ಹರಳಾಗುವುದೆಂಬ ವಾದವು ಹೀಗೆ ನಿರಸ್ತವಾಯಿತು: ಲೋಹವು ಹರಳುಗಳಿಂದಲೇ ರಚಿತವಾದುದು; ಅದು ಮೊದಲಿನಿಂದಲೂ ಹಾಗೆಯೇ ಇತ್ತು.

೫

ರೋಗದ ನಿದಾನವು ತಿಳಿದ ಕಾಲಕ್ಕೇ ಚಿಕಿತ್ಸೆಯ ಸಾಧನವೂ ಒದಗಿತು. ಕೈಸುತ್ತಿಗೆಯ ಏಟು ದಪ್ಪ ಕಬ್ಬಿಣದ ಮೈಯನ್ನು ಮಾತ್ರ ಮುಟ್ಟುವುದು, ತಿರುಳಿನವರೆಗೆ ಇಳಿಯದು. ಜೇಮ್ಸ್ ನಾಸ್ಮಿತ್ ಎಂಬವನು ೧೮೩೯ರ ನವೆಂಬರಿನಲ್ಲಿ, ಗ್ರೇಟ್ ಬ್ರಿಟನ್ ಎಂಬ ಹಡಗಿನ ಭಾರಿ ದಂಡವೊಂದನ್ನು ಬಡಿಯುವುದಕ್ಕಾಗಿ ಉಗಿಯಿಂದ ಮೇಲೇಳುವ ಸುತ್ತಿಗೆಯ ನಕ್ಷೆಯನ್ನು ಬರೆದನು. ಹಡಗಿನವರು ಮನಸ್ಸನ್ನು ಬದಲಾಯಿಸಿದುದರಿಂದ ಆ ದಂಡವೇ ಬೇಡವಾಯಿತು. ನಕ್ಷೆಯನ್ನು ನೋಡಿದ್ದ ಫ್ರಾನ್ಸಿನ ಲ ಕ್ರೂಸೋ ಕಾರ್ಖಾನೆಯವರು ಅದರಂತೆ ಸುತ್ತಿಗೆಯನ್ನು ನಿಲ್ಲಿಸಿದರು. ೧೮೪೨ರಲ್ಲಿ ಅದನ್ನು ಕಣ್ಣಾರೆ ಕಂಡ ನಾಸ್ಮಿತ್‌ನು ಊರಿಗೆ ಹಿಂದಿರುಗಿ ಪೇಟೆಂಟ್ ಪಡೆದನು. ವೆರ್ಸಾಯಿಯ ದುರಂತವೂ ಈ ಪೇಟೆಂಟೂ ಒಂದೇ ವರ್ಷದವು.

ಉಗಿಸುತ್ತಿಗೆಯು ಬಲವನ್ನು ಕೊಟ್ಟಿತು. ಅಚ್ಚು ಸಮರೂಪತೆಯನ್ನು ಕೊಟ್ಟಿತು. ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿದ್ದ ಕೋಲ್ಟ್ ಬಂದೂಕಿನ ಕಾರ್ಖಾನೆಯಲ್ಲಿ ಎಲಿಷಾ ರೂಟ್ ಎಂಬವನು ೧೮೫೦ರ ದಶಕದಲ್ಲಿ, ಕಾದ ಲೋಹವನ್ನು ಉಕ್ಕಿನ ಅಚ್ಚುಗಳ ನಡುವೆ ಇಟ್ಟು ಮೇಲಿನಿಂದ ಸುತ್ತಿಗೆಯನ್ನು ಕೆಡಹಿ ಒಂದೇ ಬಗೆಯ ಅಂಗಗಳನ್ನು ಸಾಲಾಗಿ ತೆಗೆಯುವ ಕ್ರಮವನ್ನು ಬೆಳೆಯಿಸಿದನು. ಕಾರಿನ ಸಂಯೋಜಕ ದಂಡವು ಈ ಕ್ರಮದ ಶಿಶುವೇ. ಉಕ್ಕಿನ ಸರಳನ್ನು ಸುಮಾರು ೧,೨೦೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸುವರು. ಎರಡು ತುದಿಗಳಲ್ಲಿ ಲೋಹವು ಹೆಚ್ಚಾಗಿಯೂ ನಡುವೆ ಕಡಮೆಯಾಗಿಯೂ ನಿಲ್ಲುವಂತೆ ಮೊದಲು ಅದನ್ನು ಹಂಚುವರು. ಬಳಿಕ ಒರಟು ಅಚ್ಚಿನಲ್ಲಿಯೂ ಕೊನೆಯ ಅಚ್ಚಿನಲ್ಲಿಯೂ ಬಡಿದು, ಅಂಚಿನಲ್ಲಿ ಹೊರಸೂಸಿದ ಲೋಹವನ್ನು ಕತ್ತರಿಸಿ ತೆಗೆಯುವರು. ಅನಂತರ ಎಣ್ಣೆಯಲ್ಲಿಯೋ ಬೇರೆ ದ್ರವದಲ್ಲಿಯೋ ಅದ್ದಿ, ಮತ್ತೆ ಹಿತವಾಗಿ ಕಾಯಿಸಿ ಹದಕ್ಕೆ ತರುವರು. ಆಯುಧಕ್ಕೆ ಕುಡಿಸುವ ದ್ರವದ ಮೇಲೆ ಅದರ ಗುಣವು ನಿಂತಿರುವುದೆಂಬ ವಿಚಾರವನ್ನು ವರಾಹಮಿಹಿರನ ಬೃಹತ್ಸಂಹಿತೆಯ ಖಡ್ಗಲಕ್ಷಣಾಧ್ಯಾಯದಲ್ಲಿ ನೋಡಿದವರಿಗೆ ಹದದ ಮಹತ್ತ್ವವು ಹೊಸದಾಗಿ ತೋರದು.

ಹೀಗೆ ಬಡಿದ ದಂಡವನ್ನು ಉದ್ದಕ್ಕೆ ಸೀಳಿ, ಮೈಯನ್ನು ಉಜ್ಜಿ ಆಮ್ಲದಲ್ಲಿ ತೊಳೆದು ನೋಡಿದರೆ, ಲೋಹದ ಎಳೆಗಳು ನಡುದಂಡದಲ್ಲಿ ನೇರವಾಗಿ ಹರಿದು, ದೊಡ್ಡ ತುದಿಯಲ್ಲಿ ಬಳೆಯನ್ನು ಅನುಸರಿಸಿ ಬಾಗಿರುವುದು ಕಾಣುವುದು. ಎರಕದ ದಂಡದಲ್ಲಿ ಈ ಹರಿವಿಲ್ಲ; ಆರುವಾಗ ಉಳಿಯಬಹುದಾದ ಸಣ್ಣ ಗುಳ್ಳೆಗಳು ಬಿರುಕಿಗೆ ಬೀಜವಾಗಬಲ್ಲುವು. ಇಷ್ಟರಿಂದ ಎರಕವನ್ನು ತುಚ್ಛೀಕರಿಸಲಾಗದು. ೧೯೬೦ರ ದಶಕದಲ್ಲಿ ಜನರಲ್ ಮೋಟರ್ಸ್ ಕಂಪನಿಯ ಕೆಲವು ಎಂಜಿನುಗಳು ಎರಕದ ದಂಡಗಳಿಂದಲೇ ಸಾಧಾರಣ ವೇಗದಲ್ಲಿ ಬಹುಕಾಲ ನಡೆದುವು. ಎಲ್ಲಿ ವೇಗದ ವರ್ಗವು ಎಳೆತವನ್ನು ಹೆಚ್ಚಿಸುವುದೋ ಅಲ್ಲಿ ಮಾತ್ರ ಬಡಿದ ದಂಡವು ಅನಿವಾರ್ಯವಾಗುವುದು.

೬

ಇನ್ನು ಲೋಹದ ವಿಚಾರ. ಉಕ್ಕೆಂಬ ಶಬ್ದವು ಯೂರೋಪಿನ ಗ್ರಂಥಗಳಲ್ಲಿ ವೂಟ್ಜ್ ಎಂಬ ರೂಪದಲ್ಲಿ ಸೇರಿರುವುದು ನಮ್ಮಲ್ಲಿ ಅನೇಕರಿಗೆ ತಿಳಿದ ಸಂಗತಿಯೇ. ಮುಂಬಯಿಯಲ್ಲಿದ್ದ ಡಾಕ್ಟರ್ ಹೆಲೆನಸ್ ಸ್ಕಾಟ್‌ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಾದ ಜೋಸೆಫ್ ಬ್ಯಾಂಕ್ಸನಿಗೆ ಈ ಉಕ್ಕಿನ ಬಿಲ್ಲೆಗಳನ್ನು ಕಳುಹಿಸಿದನು. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ ಎಂಬವನು ಅವುಗಳ ಪರೀಕ್ಷೆಯನ್ನು ಪ್ರಕಟಿಸಿದನು. ವೂಟ್ಜ್ ಶಬ್ದದ ಕೊನೆಯ ವ್ಯಂಜನವು ಕನ್ನಡದ ಯಾವ ನಿಯಮದಿಂದಲೂ ಸಾಧಿಸದು. ವೂಕ್ ಎಂದು ಬರೆದುದನ್ನು ಯಾರೋ ತಪ್ಪಾಗಿ ಓದಿದುದರ ಫಲವೆಂಬ ಊಹೆಯುಂಟು. ಉಕ್ಕು ಎಂಬ ರೂಪವು ತೆಲುಗಿನಲ್ಲಿಯೂ ಇರುವುದರಿಂದ, ಶಬ್ದದ ಯಶಸ್ಸನ್ನು ಕನ್ನಡಕ್ಕೆ ಮಾತ್ರ ಮೀಸಲಿಡುವುದು ನ್ಯಾಯವಾಗದು. ಮೈಸೂರು ಸೀಮೆಯಲ್ಲಿ ಇದನ್ನು ಮಾಡುತ್ತಿದ್ದ ವಿಧಾನವನ್ನು ೧೮೦೦-೧೮೦೧ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟಿರುವನು. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡನ್ನೂ ತಂಗಡಿಯ ಕಡ್ಡಿಗಳನ್ನೂ ಹಸಿರೆಲೆಗಳನ್ನೂ ಇಟ್ಟು, ಬಾಯನ್ನು ಮುಚ್ಚಿ, ತಿದಿಯೂದಿ ಕರಗಿಸುತ್ತಿದ್ದರು. ಕಡ್ಡಿಯ ಇಂಗಾಲವು ಕಬ್ಬಿಣವನ್ನು ಸೇರಿ ಅದು ಉಕ್ಕಾಗುತ್ತಿತ್ತು.

ಈ ಉಕ್ಕು ಸಂಯೋಜಕ ದಂಡಕ್ಕೆ ಮಾತೃಕೆಯೆ? ಇದರಲ್ಲಿ ಇಂಗಾಲವು ಸಾಮಾನ್ಯವಾಗಿ ಸೇಕಡ ಒಂದಕ್ಕಿಂತ ಹೆಚ್ಚಾಗಿ, ಒಂದೂವರೆಯ ಆಸುಪಾಸಿನಲ್ಲಿರುತ್ತದೆ. ಕತ್ತಿಯ ಬಾಯಿಗೆ ಇದು ಶ್ಲಾಘ್ಯ. ಆದರೆ ಯೂರೋಪಿನ ಕಮ್ಮಾರರು ತಮ್ಮ ವಾಡಿಕೆಯಂತೆ ಇದನ್ನು ಬೆಳ್ಳಗೆ ಕಾಯಿಸಿ ಬಡಿದಾಗ ಪುಡಿಪುಡಿಯಾಗುತ್ತಿತ್ತು. ತಗ್ಗಿದ ಕಾವಿನಲ್ಲಿ ತಾಳ್ಮೆಯಿಂದ ಬಡಿಯಬಲ್ಲವನಿಗೆ ಮಾತ್ರ ಅದು ವಶವಾಗುತ್ತಿತ್ತು. ವೇಗದ ಎಂಜಿನುಗಳ ದಂಡಕ್ಕೆ ಬಳಸುವ ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಪ್ರಸಿದ್ಧವಾದ ಉಕ್ಕಿನಲ್ಲಿ ಇಂಗಾಲವು ಸೇಕಡ ೦.೪ರಷ್ಟು ಮಾತ್ರ. ಒಂದಕ್ಕೆ ಕಾಠಿಣ್ಯವು ಗುಣ, ಇನ್ನೊಂದಕ್ಕೆ ಜಿಗುಟುತನವು ಗುಣ. ಖಡ್ಗದ ಲಕ್ಷಣವನ್ನು ದಂಡಕ್ಕೆ ಆರೋಪಿಸುವುದು ಲಕ್ಷಣಶಾಸ್ತ್ರಕ್ಕೇ ವಿರುದ್ಧ.

ಹಾಗಾದರೆ ಸಂಬಂಧವೇ ಇಲ್ಲವೆ? ಉಂಟು, ಅದು ವಂಶದ ಸಂಬಂಧವಾಗಿರದೆ ಪ್ರಶ್ನೆಯ ಸಂಬಂಧವಾಗಿದೆ. ವಿದ್ಯುಚ್ಛಾಸ್ತ್ರದಲ್ಲಿ ಮುಂದೆ ಲೋಕವಿಖ್ಯಾತನಾದ ಮೈಕೆಲ್ ಫ್ಯಾರಡೆಯು ೧೮೧೯ರಲ್ಲಿ ಈ ಉಕ್ಕನ್ನು ಪೃಥಕ್ಕರಿಸಿ ಪ್ರಬಂಧ ಬರೆದನು. ಇದರ ಗುಣಕ್ಕೆ ಬೇರೊಂದು ಲೋಹದ ಬೆರಕೆಯೇ ಕಾರಣವಾಗಿರಬೇಕೆಂದು ಊಹಿಸಿ, ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕನೊಡನೆ ಸೇರಿ ಉಕ್ಕಿಗೆ ನಿಕಲ್, ಬೆಳ್ಳಿ, ಪ್ಲಾಟಿನಂ, ಕ್ರೋಮಿಯಂ ಮೊದಲಾದುವನ್ನು ಬೆರಸಿ ನೋಡಿದನು. ೧೮೨೦ರಲ್ಲಿಯೂ ೧೮೨೨ರಲ್ಲಿಯೂ ಅವರ ಫಲಿತಾಂಶಗಳು ಪ್ರಕಟವಾದುವು. ನಮ್ಮ ಉಕ್ಕಿನ ಗುಣವು ಮುಖ್ಯವಾಗಿ ಇಂಗಾಲದಿಂದ ಬಂದುದು. ಈ ಅಂಶದಲ್ಲಿ ಫ್ಯಾರಡೆಯ ಊಹೆಯು ನಿಲ್ಲಲಿಲ್ಲ. ಆದರೂ ಬೆರಕೆಯ ಉಕ್ಕುಗಳನ್ನು ಕ್ರಮವಾಗಿ ಪರೀಕ್ಷಿಸುವ ಮಾರ್ಗವು ಅಲ್ಲಿಂದ ತೆರೆಯಿತು. ಅವನು ಬಿಟ್ಟುಹೋಗಿದ್ದ ೭೯ ಮಾದರಿಗಳನ್ನು ಪುನಃ ಪರೀಕ್ಷಿಸಿ ರಾಬರ್ಟ್ ಹ್ಯಾಡ್‌ಫೀಲ್ಡನು ೧೯೩೧ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ೧೮೮೯ರಲ್ಲಿ ಜೇಮ್ಸ್ ರೈಲಿಯು ನಿಕಲ್ ಉಕ್ಕಿನ ಗುಣಗಳನ್ನು ವಿವರಿಸಿದ ಪ್ರಬಂಧವೂ, ೧೯೦೮ರ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿನಲ್ಲಿ ವೆನೇಡಿಯಂ ಉಕ್ಕಿನ ಉಪಯೋಗವೂ ಈ ಮಾರ್ಗದ ಮೈಲಿಗಲ್ಲುಗಳು. ನಮ್ಮ ಕಮ್ಮಾರನ ಮೂಸೆಯು ದಂಡವನ್ನು ಕೊಡಲಿಲ್ಲ, ಪ್ರಶ್ನೆಯನ್ನು ಕೊಟ್ಟಿತು. ಇದು ಅಲ್ಪವಾದ ಕೀರ್ತಿಯಲ್ಲ. ಇದಕ್ಕಿಂತ ಹೆಚ್ಚನ್ನು ಹೇಳಿಕೊಂಡರೆ ಇದ್ದ ಕೀರ್ತಿಗೂ ಕುಂದು ಬರುವುದು.

೭

ಬೆರಕೆಯ ಉಕ್ಕು, ಅಚ್ಚಿನ ಬಡಿತ, ಆವೃತ್ತಿಯ ಗಣಿತ ಈ ಮೂರೂ ಒಂದೆಡೆ ಸೇರಿದುದು ೨೦ನೆಯ ಶತಮಾನದಲ್ಲಿ. ಗಾಟ್ಲೀಬ್ ಡೈಮ್ಲರನ ೧೮೮೫ರ ಎಂಜಿನು ನಿಮಿಷಕ್ಕೆ ಸುಮಾರು ೬೦೦ ಸುತ್ತು ತಿರುಗುತ್ತಿತ್ತು. ಎರಡನೆಯ ಮಹಾಯುದ್ಧದ ವಿಮಾನಗಳಲ್ಲಿದ್ದ ರೋಲ್ಸ್-ರಾಯ್ಸ್ ಮರ್ಲಿನ್ ಎಂಜಿನು ೩,೦೦೦ ಸುತ್ತು ತಿರುಗುತ್ತಿತ್ತು. ಅದರ ದಂಡಗಳು ನಿಕಲ್ ಉಕ್ಕನ್ನು ಬಡಿದು, ಬಳಿಕ ಯಂತ್ರದಲ್ಲಿ ಕೊರೆದು ಮಾಡಿದವು. ೨೦೦೬ರಲ್ಲಿ ಕಾಸ್ವರ್ಥ್ ಸಂಸ್ಥೆಯ ಫಾರ್ಮ್ಯುಲಾ ಒನ್ ಪಂದ್ಯದ ಎಂಜಿನು ೨೦,೦೦೦ ಸುತ್ತನ್ನು ಮುಟ್ಟಿತು. ಪಿಸ್ಟನ್ನಿನ ಓಟವನ್ನು ಬಹಳ ಗಿಡ್ಡಮಾಡಿ, ಅಂಗಗಳನ್ನು ಹಗುರಮಾಡಿದುದರಿಂದಲೇ ಇದು ಸಾಧ್ಯವಾಯಿತು. ಉಕ್ಕಿನ ತೂಕದ ಐದರಲ್ಲಿ ಮೂರು ಪಾಲಿಗಿಂತಲೂ ಕಡಮೆ ತೂಗುವ ಟೈಟೇನಿಯಂ ಬೆರಕೆಯು ಇಂತಹ ಪಂದ್ಯಗಳ ದಂಡಗಳಿಗೆ ಬಂದಿತು. ೧೯೯೦ರ ಹೋಂಡ ಎನ್ಎಸ್ಎಕ್ಸ್ ಕಾರಿನ ಮೂಲಕ ಮಾರುಕಟ್ಟೆಯ ಕಾರಿಗೂ ಇಳಿಯಿತು.

ಆದರೆ ಹೊಸ ಲೋಹವು ಬಂದಲ್ಲೆಲ್ಲ ಹಳೆಯ ನಿಯಮವೂ ಹಿಂಬಾಲಿಸಿತು. ಟೈಟೇನಿಯಂ ದಂಡದ ಮೈಯಲ್ಲಿ ಒಂದು ಗೀರು ಬಿದ್ದರೆ ಅದು ಉಕ್ಕಿಗಿಂತಲೂ ಬೇಗನೆ ಅಪಾಯಕ್ಕೆ ಗುರಿಯಾಗಬಲ್ಲುದು. ಪಂದ್ಯದ ದಂಡಗಳನ್ನು ಸಿದ್ಧಪಡಿಸುವವರು ಅಚ್ಚಿನ ಅಂಚುಗೆರೆಯನ್ನು ಉಜ್ಜಿ ತೆಗೆಯುವಾಗ ಉದ್ದಕ್ಕೆ ಉಜ್ಜುವರೇ ಹೊರತು ಅಡ್ಡಕ್ಕೆ ಉಜ್ಜರು. ಅಡ್ಡಗೀರು ಎಳೆತದ ಬಾಯಿಗೆ ಬೀಳುವುದು. ಜನರಲ್ ಮೋಟರ್ಸ್ ಕಂಪನಿಯ ಜಾನ್ ಆಲ್ಮೆನ್ ಎಂಬವನು ೧೯೩೦ ಮತ್ತು ೧೯೪೦ರ ದಶಕಗಳಲ್ಲಿ, ಸಣ್ಣ ಉಕ್ಕಿನ ಗುಂಡುಗಳನ್ನು ವೇಗವಾಗಿ ಎರಚಿ ಅಂಗಗಳ ಮೈಯನ್ನು ಬಡಿಯುವುದರ ಫಲವನ್ನು ಅಳತೆಮಾಡಿ ತೋರಿಸಿದನು. ಹೀಗೆ ಬಡಿದ ಮೈಯ ತೊಗಲು ಸದಾ ಅದುಮಲ್ಪಟ್ಟ ಸ್ಥಿತಿಯಲ್ಲಿ ಉಳಿಯುವುದರಿಂದ, ಎಳೆತವು ಬಂದಾಗ ಬಿರುಕಿನ ಬಾಯಿ ತೆರೆಯುವುದು ಕಷ್ಟವಾಗುವುದು. ಸುತ್ತಿಗೆಯು ಲಕ್ಷ ತುಣುಕಾಗಿ ಮತ್ತೆ ಕೆಲಸಕ್ಕೆ ಬಂದಂತೆ! ದಂಡವನ್ನು ಕಾಂತಗೊಳಿಸಿ ಕಬ್ಬಿಣದ ನುಣ್ಣನೆಯ ಪುಡಿಯನ್ನು ಎರಚಿ, ಪುಡಿಯು ಸಾಲುಗಟ್ಟಿದ ಕಡೆ ಬಿರುಕಿರುವುದೆಂದು ತಿಳಿಯುವ ಪರೀಕ್ಷೆಯೂ ಸುಮಾರು ಅದೇ ಕಾಲದಲ್ಲಿ ಬಳಕೆಗೆ ಬಂದಿತು. ದೊಡ್ಡ ತುದಿಯ ಎರಡು ಹೋಳುಗಳನ್ನು ಕೂಡಿಸುವ ಬೋಲ್ಟುಗಳೂ ಇದೇ ನಿಯಮಕ್ಕೆ ಒಳಪಟ್ಟುವು. ಹೋಳುಗಳನ್ನು ಅಗಲಿಸುವ ಎಳೆತಕ್ಕಿಂತ ಹೆಚ್ಚಿನ ಬಿಗಿಯಲ್ಲಿ ಬೋಲ್ಟನ್ನು ಮೊದಲೇ ಎಳೆದು ಕಟ್ಟಿದರೆ, ಆವೃತ್ತಿಯ ಏರಿಳಿತವು ಬೋಲ್ಟನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ; ಸಡಿಲವಾದರೆ ಪ್ರತಿ ಸುತ್ತಿನ ಏಟೂ ಅದರ ಮೇಲೆಯೇ ಬೀಳುವುದು.

ಇಲ್ಲಿ ಎರಡು ಆಕ್ಷೇಪಗಳನ್ನು ಪರಿಹರಿಸಬೇಕು. ಮೊದಲನೆಯದು: ೧೯೭೦ರ ದಶಕದ ಕೊನೆಯಲ್ಲಿ ಪೋರ್ಷ ಕಂಪನಿಯ ೯೨೮ ಎಂಬ ಕಾರಿನಲ್ಲಿಯೂ ಮುಂದೆ ಫೋರ್ಡ್ ಕಂಪನಿಯ ಎಂಜಿನುಗಳಲ್ಲಿಯೂ, ಕಬ್ಬಿಣದ ಪುಡಿಯನ್ನು ಒತ್ತಿ ಕಾಯಿಸಿ, ಅನಂತರ ಬಿಸಿಯಾಗಿರುವಾಗಲೇ ಅಚ್ಚಿನಲ್ಲಿ ಬಡಿದು ಮಾಡಿದ ದಂಡಗಳು ಬಂದುವು. ಪುಡಿಯಲ್ಲಿ ಎಳೆಯೆಲ್ಲಿ? ಎಳೆಯಿಲ್ಲದಿದ್ದರೂ ದಂಡವು ಬಲವಾಗಿದೆಯಲ್ಲ? ಇದಕ್ಕೆ ಸಮಾಧಾನವೇನೆಂದರೆ, ಕೊನೆಯ ಬಡಿತದಿಂದ ಪುಡಿಯ ನಡುವಣ ರಂಧ್ರಗಳು ಮುಚ್ಚಿ ಮೈಯು ಹೆಚ್ಚುಕಡಮೆ ಪೂರ್ತಿ ಗಟ್ಟಿಯಾಗುವುದು. ಎಳೆಯ ಹರಿವು ಅವಿಚ್ಛಿನ್ನತೆಯ ಒಂದು ಪ್ರಕಾರ. ರಂಧ್ರವಿಲ್ಲದಿರುವುದು ಇನ್ನೊಂದು ಪ್ರಕಾರ. ನಿಯಮವು ಎರಡಕ್ಕೂ ಸಮಾನ.

ಎರಡನೆಯ ಆಕ್ಷೇಪವು ಇನ್ನೂ ಸ್ವಾರಸ್ಯವಾದುದು. ಮೊದಲು ದೊಡ್ಡ ತುದಿಯನ್ನು ಕೊಯ್ದು ಎರಡು ಹೋಳುಮಾಡಿ, ಉಜ್ಜಿ ನಯಮಾಡಿ ಕೂಡಿಸುತ್ತಿದ್ದರು. ಈಚಿನ ಹಲವು ಕಾರ್ಖಾನೆಗಳಲ್ಲಿ ಆ ತುದಿಯನ್ನು ಬೇಕೆಂದೇ ಮುರಿಯುವರು. ಅದಕ್ಕಾಗಿ ಸೇಕಡ ೦.೭ರಷ್ಟು ಇಂಗಾಲವುಳ್ಳ, ಹಿಗ್ಗದೆ ಮುರಿಯುವ ಉಕ್ಕನ್ನು ಆರಿಸಿ, ಒಳಮೈಯಲ್ಲಿ ಒಂದು ಗೆರೆಯನ್ನು ಕೊರೆದು ಒಂದೇ ಸೆಳೆತಕ್ಕೆ ಬಿರಿಯಿಸುವರು. ಅವಿಚ್ಛಿನ್ನತೆಯೇ ಬಲವಾದರೆ ಬುದ್ಧಿಪೂರ್ವಕವಾದ ಈ ವಿಚ್ಛೇದವೇಕೆ? ಮುರಿದ ಎರಡು ಮೈಗಳ ಏರುತಗ್ಗುಗಳು ಒಂದಕ್ಕೊಂದು ಮಾತ್ರ ಹೊಂದುವುವು. ಬೋಲ್ಟನ್ನು ಬಿಗಿದಾಗ ಅವು ಕಣಕ್ಕೆ ಕಣ ಕಚ್ಚಿಕೊಂಡು ಪಕ್ಕಕ್ಕೆ ಜಾರದೆ ನಿಲ್ಲುವುವು. ಉಜ್ಜಿ ನಯಮಾಡಿದ ಎರಡು ಮೈಗಳಿಗೆ ಅಂತಹ ಅನ್ಯೋನ್ಯತೆಯಿಲ್ಲ. ಕೂಡಿಸಲೇಬೇಕಾದ ಕಡೆಯಲ್ಲಿ ಕೂಡಿಕೆಯು ಆದಷ್ಟು ಮೂಲದ ಏಕತೆಯನ್ನು ಹೋಲಬೇಕೆಂಬುದೇ ಇದರ ತಾತ್ಪರ್ಯ. ಪದಚ್ಛೇದವನ್ನು ಮಾಡಿದವನೇ ಸಂಧಿಯನ್ನು ಚೆನ್ನಾಗಿ ಬಲ್ಲನು. ನಿಯಮಕ್ಕೆ ಇದು ಅಪವಾದದಂತೆ ತೋರಿದರೂ ವಾಸ್ತವವಾಗಿ ನಿದರ್ಶನವೇ.

೮

ಈವರೆಗೆ ಹೇಳಿದುದನ್ನು ಸಂಗ್ರಹಿಸಬಹುದು. ಸಂಯೋಜಕ ದಂಡದ ಕಲ್ಪನೆಯು ಹದಿನೇಳು ಶತಮಾನಗಳ ಹಿಂದೆಯೇ ಇತ್ತು. ಅದರ ದೌರ್ಬಲ್ಯದ ಜ್ಞಾನವು ೧೮೪೩ರಿಂದ ಈಚೆಗೆ ಕ್ರಮವಾಗಿ ಬೆಳೆಯಿತು. ಅದಕ್ಕೆ ಪ್ರೇರಕವಾದುದು ರೈಲಿನ ಇರಸಿನ ಮುರಿವು, ಕಾರಿನ ವೇಗವಲ್ಲ. ಬಡಿತವು ಲೋಹಕ್ಕೆ ಹರಿವನ್ನು ಕೊಟ್ಟಿತು, ಬೆರಕೆಯು ಜಿಗುಟುತನವನ್ನು ಕೊಟ್ಟಿತು, ಪರೀಕ್ಷೆಯು ಭರವಸೆಯನ್ನು ಕೊಟ್ಟಿತು. ಇವುಗಳಲ್ಲಿ ಯಾವುದೊಂದನ್ನೂ ಏಕಾಕಿಯಾಗಿ ಕಾರಣವೆನ್ನಲಾಗದು. ಮೂರನ್ನೂ ಒಂದು ಸೂತ್ರದಲ್ಲಿ ಪೋಣಿಸುವುದು ರಾಂಕಿನ್ನನ ಅವಿಚ್ಛಿನ್ನತೆಯ ನಿಯಮ.

ನಮ್ಮ ವಿದ್ವಾಂಸರಿಗೆ ಇದರಿಂದ ಬರುವ ಕರ್ತವ್ಯವೊಂದುಂಟು. ಶಾಸ್ತ್ರಗಳ ಚರಿತ್ರೆಯಲ್ಲಿ ನಮ್ಮ ನಾಡಿನ ಪಾಲನ್ನು ಹೇಳುವಾಗ ಆಧಾರದ ಎಳೆಯು ಎಲ್ಲಿ ಕಡಿಯುವುದೋ ಅಲ್ಲಿ ನಿಲ್ಲುವುದು ಅವಶ್ಯಕ. ಮೂಸೆಯ ಉಕ್ಕಿನಿಂದ ಫ್ಯಾರಡೆಯ ಪ್ರಯೋಗದವರೆಗೆ ಎಳೆಯು ಅಖಂಡವಾಗಿದೆ; ಅದನ್ನು ಧೈರ್ಯವಾಗಿ ಹೇಳಬಹುದು. ಅಲ್ಲಿಂದ ಪಂದ್ಯದ ಕಾರಿನ ದಂಡದವರೆಗೆ ಅಭಿಮಾನದಿಂದ ಹಾರುವುದು ಚೂಪಾದ ಮೂಲೆಯನ್ನು ಕೊರೆದಂತೆ. ಪ್ರತಿವಾದಿಯ ಮೊದಲ ಬಿರುಕು ಅಲ್ಲಿಯೇ ಹುಟ್ಟುವುದು. ಇದರೊಡನೆ, ಕುಲುಮೆ, ತಿದಿ, ಅಡಿಗಲ್ಲು, ಇಕ್ಕುಳ, ಮೂಸೆ, ಹದ ಮೊದಲಾದ ಕಮ್ಮಾರರ ಮಾತುಗಳನ್ನು ಅವುಗಳನ್ನು ಬಳಸುವವರ ಬಾಯಿಂದಲೇ ಕೇಳಿ, ಅರ್ಥವಿವರಣೆಯೊಡನೆ ಸಂಗ್ರಹಿಸುವ ಕಾರ್ಯವನ್ನು ಸಾಹಿತ್ಯದ ಅಧ್ಯಾಪಕರು ತಮ್ಮ ತಮ್ಮ ಊರುಗಳಲ್ಲಿ ಕೈಕೊಳ್ಳಬೇಕು. ಉಕ್ಕೆಂಬ ಒಂದು ಶಬ್ದವು ವಿಕೃತರೂಪದಲ್ಲಿಯಾದರೂ ಲೋಕವನ್ನು ಸುತ್ತಿ ಶಾಸ್ತ್ರಜ್ಞರನ್ನು ಪ್ರಶ್ನೆಗೆ ಪ್ರೇರಿಸಿತು. ಉಳಿದ ಶಬ್ದಗಳ ಒಳಗೆ ಎಂತಹ ಪ್ರಶ್ನೆಗಳು ಅಡಗಿರುವುವೋ, ಅವುಗಳನ್ನು ಸಂಗ್ರಹಿಸಿದ ಮೇಲಲ್ಲದೆ ತಿಳಿಯಲಾರದು.